ಆಟವಿಲ್ಲದ ಸಿ.ಡಿ.

ಹುಣಸೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನಮ್ಮದೊಂದು ಗೇಮ್ ಅಂಗಡಿ ಇತ್ತು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಾಲ್ಕು ಹಳೇ ಕಂಪ್ಯೂಟರು, ಪ್ಲಾಸ್ಟಿಕ್ ಸ್ಟೂಲುಗಳು, ಗಡಗಡ ಅನ್ನುವ ಒಂದು ಫ್ಯಾನು. ಒಮ್ಮೆ ನಮ್ಮೆಜಮಾನರು ಮೈಸೂರಿಗೆ ಹೋಗಿ ಹೊಸ ಜಾಯ್‌ಸ್ಟಿಕ್ ತಂದರು. ಅದರ ಡಬ್ಬಿಯಲ್ಲಿ ಪುಕ್ಕಟೆಯಾಗಿ ಒಂದು ಸಿ.ಡಿ. ಇತ್ತು. ಕವರಿನ ಮೇಲೆ ಬಣ್ಣಬಣ್ಣದ ಗೊಂಬೆಗಳು. ಹೊಸ ಗೇಮೇ ಬಂತೆಂದು ಸ್ಕೂಲು ಬಿಟ್ಟು ಬಂದಿದ್ದ ಹುಡುಗರೆಲ್ಲ ಮುತ್ತಿಕೊಂಡರು. ಹಾಕಿ ನೋಡಿದರೆ ಅದರಲ್ಲಿ ಆಟವೇ ಇಲ್ಲ.

ಯಾವುದೋ ದೂರದೇಶದ ವಿಡಿಯೋ ಗೇಮ್ ಕಂಪನಿ ತನ್ನ ಹೆಚ್ಚುಗಾರಿಕೆ ಹೇಳಿಕೊಳ್ಳಲು ಮಾಡಿದ ಸಿ.ಡಿ. ಅದು. ಒಂದು ಸಣ್ಣ ಕೋಣೆಯಲ್ಲಿ ಶುರುವಾಗಿ ದೊಡ್ಡ ಕಟ್ಟಡಕ್ಕೆ ಬಂದ ಕಥೆ, ಕೆಲಸ ಮಾಡಿದವರ ಫೋಟೋಗಳು, ಅವರ ಮಾತು. ಪರದೆಯ ಕೆಳಗೆ ಇಸವಿಗಳ ಸಾಲು. ಒಂದನ್ನು ಒತ್ತಿದರೆ ಆ ವರ್ಷದ ಆಟ ಸ್ವಲ್ಪ ಹೊತ್ತು ತಾನೇ ಓಡಿ, ಸಂಗೀತ ಬಾರಿಸಿ, ನಿಂತುಬಿಡುತ್ತಿತ್ತು.

“ಇದೇನಣ್ಣಾ, ಸಮಾಜದ ಪಾಠ ಇದ್ದಂಗದೆ” ಎಂದು ಹುಡುಗರು ತಮ್ಮ ತಮ್ಮ ಸ್ಟೂಲಿಗೆ ಹೋದರು. ನಮ್ಮೆಜಮಾನರು ಮಾತ್ರ ಏಳಲಿಲ್ಲ. ಒಂದು ಇಸವಿ ಒತ್ತಿದವರು ನನ್ನನ್ನು ಕೂಗಿದರು. “ಬಾ ಇಲ್ಲಿ. ನಾನು ಹೇಳ್ತಿದ್ನಲ್ಲ, ಆ ಆಟ ಇದೇ ಕಣಮ್ಮಿ!”

ಮದುವೆಗೆ ಮುಂಚೆ ಅವರು ಮೈಸೂರಿನಲ್ಲಿ ನಾಣ್ಯ ಹಾಕಿ ಆಡುವ ಮಿಷಿನ್ನುಗಳ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಗಿರಾಕಿ ಇಲ್ಲದಾಗ ಆಡುತ್ತಿದ್ದ ಆಟ ಅದು: ಒಂದು ಪುಟಾಣಿ ಆಳು ಮೋಡದಿಂದ ಮೋಡಕ್ಕೆ ನೆಗೆಯುತ್ತ ಮೇಲೆ ಹತ್ತುವುದು. ಅದನ್ನು ಯಾರು ಮಾಡಿದರು ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಈಗ ಆ ಜನರ ಮುಖ ನೋಡಿ, “ಇಷ್ಟೊಂದು ಜನ ಸೇರಿ ಮಾಡವ್ರೆ ನೋಡು” ಎಂದು ಬೆರಗಾದರು. ಇಂಗ್ಲಿಷ್ ಅವರಿಗೆ ಬಾರದು. ಪಿ.ಯು.ಸಿ. ಓದಿದ್ದ ನಾನು ತಡವರಿಸುತ್ತ ಓದಿ ಹೇಳಬೇಕಿತ್ತು. ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅದೇ ನಮ್ಮ ಕೆಲಸವಾಯಿತು.

ಆ ದಿನಗಳಲ್ಲೇ ಅವರು ಸ್ಟೂಲುಗಳನ್ನು ಎಡವುವುದು ಹೆಚ್ಚಾಗಿತ್ತು. ಸಂಜೆಯಾದರೆ ಮೆಟ್ಟಿಲನ್ನು ಕಾಲಲ್ಲಿ ತಡವಿ ಇಳಿಯುತ್ತಿದ್ದರು. ಆಟದಲ್ಲಿ ಎಂದೂ ಸೋಲದವರು ಹುಡುಗರಿಗೆ ಸೋಲತೊಡಗಿದರು. “ಅಣ್ಣಾ, ಪಕ್ಕದಲ್ಲೇ ಬಂತಲ್ಲಾ, ಕಾಣ್ಲಿಲ್ವಾ?” ಎಂದು ಒಬ್ಬ ಕೇಳಿದ್ದಕ್ಕೆ ನಕ್ಕುಬಿಟ್ಟರು. ಆ ನಗು ನನಗೆ ಸರಿ ಕಾಣಲಿಲ್ಲ. ಹಠ ಮಾಡಿ ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತ ಬರುತ್ತಿದೆ, ನಡುವೆ ಉಳಿದಿರುವುದೂ ಹೋಗುತ್ತದೆ, ಇದಕ್ಕೆ ಔಷಧಿಯಿಲ್ಲ ಎಂದರು. “ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಇತ್ತಾ?” ಇವರ ಸೋದರಮಾವ ನಡುವಯಸ್ಸಿಗೇ ಗೋಡೆ ಹಿಡಿದು ಓಡಾಡುತ್ತಿದ್ದರಂತೆ, ಮನೆಯವರು ಇರುಳುಗಣ್ಣು ಎಂದುಕೊಂಡು ಬಿಟ್ಟಿದ್ದರು. ಆಗಿನ್ನೂ ಸ್ಕೂಲಿಗೆ ಹೋಗುತ್ತಿದ್ದ ನಮ್ಮ ಮಗಳಿಗೆ ಬರಬಹುದಾ ಎಂದು ನಾನು ಕೇಳಿದೆ. ಈಗಲೇ ಹೇಳಕ್ಕಾಗಲ್ಲ, ಆಗಾಗ ತೋರಿಸ್ತಾ ಇರಿ ಅಂದರು. ದೇವರ ದಯೆ, ಅವಳಿಗೆ ಇವತ್ತಿನವರೆಗೂ ಏನೂ ಆಗಿಲ್ಲ. ಆ ದಿನ ಬಸ್ಸು ಹತ್ತಿ ವಾಪಸ್ ಹೊರಟೆವು. ಬಿಳಿಕೆರೆ ದಾಟಿದ ಮೇಲೆ ಅವರು ಕಿಟಕಿಯಿಂದ ಮುಖ ತಿರುಗಿಸಿ, “ಮಗಿಗೆ ಹೇಳ್ಬ್ಯಾಡ” ಅಂದರು, ಅಷ್ಟೇ.

ಆಮೇಲೆ ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ಆ ಸಿ.ಡಿ. ನೋಡುತ್ತಿದ್ದರು. ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ ಅನ್ನುತ್ತಿದ್ದರು. ಕೊನೆಯ ಭಾಗದಲ್ಲಿ ಕಂಪನಿ ಮುಂದೆ ತರಲಿರುವ ಆಟಗಳ ಬಗ್ಗೆ ಜಂಬ ಕೊಚ್ಚಿಕೊಂಡಿತ್ತು. ನಾನು ಅದನ್ನು ಓದಲು ಹೊರಟರೆ ತಡೆದುಬಿಡುವರು. “ಮುಂದಿಂದು ಬ್ಯಾಡ. ಹಿಂದಿಂದೇ ಹಾಕು.”

ವರ್ಷ ಕಳೆಯುವುದರೊಳಗೆ ನಡುವಿನ ಬೆಳಕೂ ಮಂಕಾಯಿತು. ಅಂಗಡಿ ನಾನೇ ನೋಡಿಕೊಳ್ಳುತ್ತಿದ್ದೆ. ಅವರು ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ಹಾಕು ಅಂದಾಗ ನಾನು ಆ ಇಸವಿ ಒತ್ತಬೇಕು. ಸಂಗೀತ ಕೇಳುತ್ತಲೇ ಅವರು ಶುರುಮಾಡುವರು: “ಈಗ ಎಡಗಡೆ ಮೋಡ. ಈಗ ಹಕ್ಕಿ ಬತ್ತದೆ ನೋಡು, ಬಗ್ಗಿದ. ಈಗ ನೆಗೆದ.” ಕಣ್ಣಿದ್ದ ನನಗೆ ಅವರು ತೋರಿಸುತ್ತಿದ್ದರು. ಎಲ್ಲ ಸರಿಯಾಗಿಯೇ ಇರುತ್ತಿತ್ತು.

ಒಂದು ದಿನ ಸಿ.ಡಿ. ತಡವರಿಸಿತು. ಸಂಗೀತ ಓಡುತ್ತಲೇ ಇತ್ತು, ಚಿತ್ರ ಮಾತ್ರ ಬೇರೆ ಪುಟಕ್ಕೆ ಹಾರಿತ್ತು. ಅವರು ಆ ಆಳನ್ನು ಮೋಡದಿಂದ ಮೋಡಕ್ಕೆ ಹತ್ತಿಸುತ್ತಲೇ ಇದ್ದರು. ನಾನು ಹೂಂ ಹೂಂ ಅನ್ನುತ್ತಿದ್ದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ತಟ್ಟನೆ ನಿಲ್ಲಿಸಿದರು.

“ನಿಜ ಹೇಳು. ಏನದೆ ಅಲ್ಲಿ?”

“ಒಬ್ಬರು ಬಿಲ್ಡಿಂಗ್ ಮುಂದೆ ನಿಂತಿರೋ ಫೋಟೋ ರೀ.”

“ಆಟ?”

“ಇಲ್ಲ.”

ಅವರು ಕೈ ಚಾಚಿ ಪರದೆಯನ್ನು ಮುಟ್ಟಿದರು. ಬೆಚ್ಚಗಿನ ಗಾಜಿನ ಮೇಲೆ ಅಂಗೈ ಹಾಗೇ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಯಾವತ್ತೂ ಅದನ್ನು ಹಾಕು ಎಂದು ಕೇಳಲಿಲ್ಲ. ನಾನೇ ಹಾಕಲೇ ಎಂದರೆ, “ಬುಡು” ಅನ್ನುತ್ತಿದ್ದರು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಆಚೆ ಇಂಟರ್‌ನೆಟ್ ಅಂಗಡಿ ತೆರೆದು ಹುಡುಗರು ಅತ್ತ ತಿರುಗಿದರು. ನಮ್ಮದನ್ನು ಮುಚ್ಚಿದೆವು. ಕೆ.ಆರ್. ನಗರದವರೊಬ್ಬರು ಓಮ್ನಿ ತಂದು ಕಂಪ್ಯೂಟರುಗಳನ್ನು ಒಯ್ದರು. ಅವರು ಹೋದ ಮೇಲೆ ನೆನಪಾಯಿತು: ಸಿ.ಡಿ. ಮೂಲೆಯ ಕಂಪ್ಯೂಟರಿನೊಳಗೇ ಉಳಿದಿತ್ತು. ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದೆ. “ಅದಾ? ಗೀಟು ಬಿದ್ದಿತ್ತು ಕಣಮ್ಮ, ಎಸ್ದುಬುಟ್ಟೆ” ಅಂದರು. ಬಂದು ಇವರಿಗೆ ಹೇಳಿದೆ. ಗೋಡೆಯ ಕಡೆ ಹೊರಳಿ ಮಲಗಿದರು.

ನಾವು ರಾವಂದೂರಿನ ಹತ್ತಿರ ಅವರ ಅಣ್ಣನ ಮನೆಗೆ ಹೋದೆವು. ಅಲ್ಲಿ ಇವರು ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸಿ ಬೇಯಿಸುವ ಗೂಡಿನ ಮುಂದೆ ಹೆಂಗಸರ ಜೊತೆ ಕೂತು ಎಲೆಗಳನ್ನು ದಾರದಲ್ಲಿ ಕಡ್ಡಿಗೆ ಕಟ್ಟುವುದನ್ನು ಕಲಿತರು. ಎಲೆಯ ಅಂಟಿನಿಂದ ಬೆರಳುಗಳು ಕಪ್ಪಗಾಗುತ್ತಿದ್ದವು. ಅದು ಅವರಿಗೆ ಕಾಣುತ್ತಿರಲಿಲ್ಲ. ನಾನು ಊಟಕ್ಕೆ ಕೂಗಿದರೆ ಏಳುವರು, ಕೈ ಚಾಚುವರು. ನೀರಿನ ಬಾನಿಯ ಹತ್ತಿರ ಕೂರಿಸಿ, ಸೋಪು ಹಚ್ಚಿ ಒಂದೊಂದೇ ಬೆರಳು ತಿಕ್ಕುತ್ತಿದ್ದೆ. ಹೋಯ್ತಾ ಎಂದು ಕೇಳುವರು. ಇನ್ನೊಂಚೂರು ಇದೆ ಅನ್ನುತ್ತಿದ್ದೆ.