ಒಂಬತ್ತೂವರೆಯ ಬಿಸಿ ಅನ್ನ

ನಿಜಾಮರ ಕಚೇರಿಗಳು ಹತ್ತು ಗಂಟೆಗೆ ತೆರೆಯುತ್ತಿದ್ದವು. ಮದರಾಸಿನಿಂದ ಬಿ.ಎ. ಹೊತ್ತು ತಂದು ಕಲಬುರಗಿಯಲ್ಲಿ ಗುಮಾಸ್ತನಾಗಿದ್ದ ನನಗೆ ಒಂಬತ್ತೂವರೆಗೆ ಬಿಸಿ ಅನ್ನ ಎಲೆಗೆ ಬೀಳಬೇಕಿತ್ತು. ಬೀಳುತ್ತಿತ್ತು. ದೇವರಿಲ್ಲ ಎಂದು ವಾದಿಸುತ್ತಿದ್ದ ನಾನು ಮಡಿಯಲ್ಲಿ ಬೆಂದ ಅನ್ನವನ್ನು ಒಂದು ದಿನವೂ ಬೇಡ ಎಂದವನಲ್ಲ.

ಬೇಯಿಸುತ್ತಿದ್ದವರು ನನ್ನ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದವರು. ಬೆಳಗಿನ ಜಾವ ಸ್ನಾನ ಮಾಡಿ ಮಡಿ ಸೀರೆ ಉಟ್ಟರೆ, ಎಲ್ಲರ ಊಟ ಮುಗಿಯುವವರೆಗೆ ಒಲೆಯ ಮುಂದೆಯೇ. ಆ ವರ್ಷ ಅವರು ಬಿಳಿಚಿಕೊಂಡರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ದಿನವೂ ತಲೆನೋವು. ಒಂದು ಬೆಳಗ್ಗೆ ಕಣ್ಣು ಕತ್ತಲಿಟ್ಟು ಉರಿಯುವ ಒಲೆಯ ಪಕ್ಕದಲ್ಲೇ ಕುಸಿದರು. ಸೆರಗಿಗೆ ಬೆಂಕಿ ತಾಗಲಿಲ್ಲ, ಅಷ್ಟೇ. ಮುಂದಿನ ಸಲ ಒಲೆಯೊಳಗೇ ಬೀಳುತ್ತಾರೆಂಬ ಹೆದರಿಕೆ ಎಲ್ಲರಿಗೂ ಹತ್ತಿತು.

ಕೋಟೆಯ ಕಡೆಯ ಹಕೀಮರು ನಾಡಿ ಹಿಡಿದು ಪಿತ್ತಕೋಶದ ಉಷ್ಣವೆಂದರು. ನೆರೆಯವರು ದೃಷ್ಟಿ ತೆಗೆದರು. ನಾನು ಇಬ್ಬರನ್ನೂ ಗೇಲಿ ಮಾಡಿ, ಪುಸ್ತಕವೊಂದನ್ನು ತಿರುವಿ, ಹೃದಯದ ರೋಗವೆಂದು ತೀರ್ಪು ಕೊಟ್ಟೆ. ದವಾಖಾನೆಯ ಡಾಕ್ಟರು ಹೃದಯ ಸರಿಯಿದೆ, ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಔಷಧ ಬರೆದರು. ಬಾಟಲಿ ಮೈಲಿಗೆ ಎಂದ ಅತ್ತೆಯನ್ನು ತರ್ಕದಿಂದ ಒಲಿಸಿ, ಸಂಜೆ ಕುಡಿಯುವಂತೆ ಮಾಡಿದೆ. ಮನೆಯಲ್ಲಿ ವಿಜ್ಞಾನ ಗೆದ್ದ ಏಕೈಕ ಸಂದರ್ಭ ಅದು. ಆ ಕಬ್ಬಿಣ ಅವರ ಹೊಟ್ಟೆಯನ್ನು ಇನ್ನಷ್ಟು ಬಿಗಿ ಮಾಡಿತೆಂಬುದು ನನಗೆ ಆಮೇಲೆ ತಿಳಿಯಿತು. ಹೊಟ್ಟೆಯ ವಿಷಯ ಅವರು ಹೇಳಿರಲಿಲ್ಲ, ನಾವು ಯಾರೂ ಕೇಳಿರಲಿಲ್ಲ. ರಕ್ತ ಕಡಿಮೆ ಎಂದಮೇಲೂ ಅದು ಎಲ್ಲಿಗೆ ಹೋಯಿತೆಂದು ಯಾರಿಗೂ ಅನುಮಾನ ಬರಲಿಲ್ಲ.

ಕೊನೆಗೆ ಬಂಡಿ ಕಟ್ಟಿಸಿಕೊಂಡು, ಅತ್ತೆ, ನನ್ನ ಹೆಂಡತಿ, ನಾನು ಕಮಲಾಪುರದ ವೈದ್ಯರಲ್ಲಿಗೆ ಹೋದೆವು. ವೈದ್ಯರೂ ನಾಡಿ ಹಿಡಿದರು. ಅವರ ಹೆಂಡತಿ ಮಾತ್ರ ಅತ್ತೆಯನ್ನು ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದವರು ನೇರ ನನ್ನ ಕಡೆ ತಿರುಗಿದರು.

“ನೀವು ಎಷ್ಟಕ್ಕ ಊಟಾ ಮಾಡ್ತೀರಿ?”

ರೋಗಿ ನಾನಲ್ಲ ಎಂದೆ.

“ಗೊತ್ತದರಿ. ಎಷ್ಟಕ್ಕ?”

“ಒಂಬತ್ತೂವರಿಗೆ.”

“ಎದ್ದ ಕೂಡ್ಲೆ ಆಕಿಗಿ ಬಯಲಕಡಿಗಿ ಆಗೂದಿಲ್ಲ. ಆಗೋ ಹೊತ್ತಿಗೆ ಮಡ್ಯಾಗ ಇರ್ತಾಳ. ಹೋಗಿ ಬಂದ್ರ ಮತ್ತ ತಲಿಮ್ಯಾಲೆ ನೀರು ಹಾಕ್ಕೊಂಡು, ಎಲ್ಲಾ ಹೊಸದಾಗಿ ಮಾಡಬೇಕು. ಅಷ್ಟರಾಗ ನಿಮ್ಮ ಕಚೇರಿ. ಅದಕ್ಕ ತಡಕೊಂಡು ಕೂಡ್ತಾಳ, ವರ್ಷಾನುಗಟ್ಲೆ. ಈಗ ಮೂಲವ್ಯಾಧಿ ಆಗಿ ರಕ್ತ ಹೋಗಾಕತ್ತದ. ನೀವು ಎದೀ ನೋಡಸಾಕತ್ತೀರಿ.”

ತಲೆನೋವು, ಏದುಸಿರು, ಬಿಳಿಚಿದ ಮುಖ, ಒಲೆಯ ಪಕ್ಕ ಕುಸಿದದ್ದು: ನಾನು ಪುಸ್ತಕದಲ್ಲಿ ಹುಡುಕಿದ್ದೆಲ್ಲ ನನ್ನ ಎಲೆಯಿಂದಲೇ ಹೊರಟಿತ್ತು.

ನನ್ನ ನೆನಪಿನಲ್ಲಿ, ಅಲ್ಲೇ ಎದ್ದು ನಿಂತು, ನಾಳೆಯಿಂದ ನನಗೆ ಬೆಳಗಿನ ಊಟ ಬೇಡ ಎಂದುಬಿಟ್ಟೆ. ಬಹಳ ಗಂಭೀರವಾಗಿ ಹೇಳಿದ ನೆನಪು. ಹೆಂಡತಿಯ ನೆನಪು ಬೇರೆ. ಅವಳ ಪ್ರಕಾರ ಕಚೇರಿಯ ವೇಳೆ ಸರ್ಕಾರದ್ದು, ನನ್ನದಲ್ಲ ಎಂದು ದಾರಿಯುದ್ದಕ್ಕೂ ಬಂಡಿಯಲ್ಲಿ ವಾದಿಸಿದೆನಂತೆ. ಹದಿನೈದು ದಿನ ಬಿಸಿ ಅನ್ನವನ್ನೇ ಉಂಡೆನಂತೆ. ಅತ್ತೆ ಮತ್ತೊಮ್ಮೆ ಕುಸಿದ ಬೆಳಗ್ಗೆ, ಗೋಡೆಗೆ ಒರಗಿ ಕೂತವರು ಹೇಳಿದರಂತೆ:

“ಮೊಸರವಲಕ್ಕಿ ತಿಂದು ಹೋಗಪಾ. ನಿನ್ನ ಬಿ.ಎ. ಏನೂ ಮೈಲಿಗಿ ಆಗೂದಿಲ್ಲ.”

ಈ ಮಾತು ನನಗೂ ನೆನಪಿದೆ. ಆದ್ದರಿಂದ ಉಳಿದದ್ದೂ ನಿಜವಿರಬಹುದೆಂಬ ಅನುಮಾನ.

ಅಂದಿನಿಂದ ಅತ್ತೆ ಬಯಲಕಡೆ ಹೋಗಿ ಬಂದು, ಸಾವಕಾಶವಾಗಿ ಸ್ನಾನ ಮಾಡಿಯೇ ಒಲೆ ಹೊತ್ತಿಸಿದರು. ಬೆಳಗ್ಗೆ ತಂಬಿಗೆ ತುಂಬ ನೀರು ಕುಡಿದರು. ವೈದ್ಯರ ತ್ರಿಫಲಾ ಚೂರ್ಣವೂ ನಡೆಯಿತು. ಕೆಲವು ತಿಂಗಳಲ್ಲಿ ರಕ್ತ ನಿಂತು, ಮುಖಕ್ಕೆ ಬಣ್ಣ ಬಂತು. ಮತ್ತೆ ಅವರು ಒಲೆಯ ಮುಂದೆ ಬೀಳಲಿಲ್ಲ.

ಅವಲಕ್ಕಿ ತಿಂದು ಹೋದ ನಾನು ಮಧ್ಯಾಹ್ನದ ಹೊತ್ತಿಗೆ ಹಸಿವಿನಿಂದ ಸಿಡುಕುತ್ತಿದ್ದೆ. ನಿಮ್ಮ ಅತ್ತೆ ಹೇಗೆ ಗುಣವಾದರು ಎಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ, ನನ್ನ ಊಟದ ಮಾತೆತ್ತದೆ, ಕಮಲಾಪುರದಿಂದ ತಂದ, ಆ ಊರಿನ ಹೆಸರಾಂತ ಕೆಂಪು ಬಾಳೆಹಣ್ಣಿನ ಪ್ರಭಾವ ಎನ್ನುತ್ತಿದ್ದೆ.