ಮಾತೆಯ ಎಡಭುಜದ ಕಣಗಿಲೆ

ಕಂಬಳಿ ನೇಯುವ ಚೌರಪ್ಪ ದೇವರ ಮೇಲೆ ಮುನಿಸಿಕೊಂಡು ಎರಡು ವರ್ಷವಾಗಿತ್ತು. ಕಾರಣ ಒಂದೇ: ದೇವರು ಬಾಯಿ ಬಿಡುತ್ತಿರಲಿಲ್ಲ.

ಕೊಡಿಗೇನಹಳ್ಳಿಯ ಹೊರಗೆ ಆಗ ಕ್ರೈಸ್ತರ ಮನೆಗಳು ನಾಲ್ಕೇ. ಜೊತೆಗೆ ಒಂದು ಪುಟ್ಟ ದೇವಾಲಯ. ಇಪ್ಪತ್ತಾರರ ಚೌರಪ್ಪನಿಗೆ ಬೆಂಗಳೂರಿನ ಮಠ ಸೇರಿ ಸನ್ಯಾಸಿ ಸಹೋದರನಾಗುವ ಆಸೆ. ಮೂರು ತಿಂಗಳಿಗೊಮ್ಮೆ ಎತ್ತಿನ ಗಾಡಿಯಲ್ಲಿ ಪೂಜೆಗೆ ಬರುತ್ತಿದ್ದ ಫ್ರೆಂಚ್ ಸ್ವಾಮಿಗಳು ಮಾತ್ರ ಪ್ರತಿಸಲವೂ ತಮ್ಮ ಪುಸ್ತಕದ ಕನ್ನಡದಲ್ಲಿ ಅದೇ ಹೇಳುತ್ತಿದ್ದರು: "ಇದು ನಿನ್ನ ಆಸೆಯೋ, ದೇವರ ಕರೆಯೋ? ಪ್ರಾರ್ಥಿಸು. ವಿವೇಚಿಸು."

ವಿವೇಚಿಸಿ ವಿವೇಚಿಸಿ ಚೌರಪ್ಪನ ತಲೆಗೂದಲು ಉದುರತೊಡಗಿತು. ಅವನನ್ನು ಸಾಕಿದ ಅಕ್ಕ ಜ್ಞಾನಮ್ಮನಿಗೂ ತಾಳ್ಮೆ ತೀರಿತು.

"ಲೇ ಚೌರಾ, ಸಿರಾದೋರು ಹೆಣ್ಣಿಟ್ಕಂಡು ಎಷ್ಟು ದಿನ ಕಾಯ್ತಾರ್ಲಾ? ಪಾಸ್ಕ ಹಬ್ಬ ಆದ ಭಾನುವಾರ ಸ್ವಾಮ್ಗಳು ಬತ್ತಾರೆ. ಅವತ್ತೂ ಹೂಂ ಅನ್ನಲಿಲ್ವೋ, ತೆಪ್ಪಗೆ ತಾಳಿ ಕಟ್ಟು."

"ಆಯ್ತು ಕಣಕ್ಕ," ಎಂದು ಚೌರಪ್ಪ ಮಾತು ಕೊಟ್ಟುಬಿಟ್ಟ. ಉಳಿದದ್ದು ಒಂಬತ್ತು ದಿನ.

ಊರಿನವರೆಲ್ಲ ತಮ್ಮ ದೇವರಿಗೆ ಹೂವು ಕೇಳುವುದನ್ನು ಅವನು ಹುಟ್ಟಿನಿಂದ ನೋಡಿದ್ದ. ವಿಗ್ರಹದ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ ಕೂರುವುದು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ತಮ್ಮ ದೇವಾಲಯದ ದೇವಮಾತೆಗೂ ಭುಜ ಎರಡಿದ್ದವು. ವೀರ ಚೌರಪ್ಪ ಎರಡು ಕಣಗಿಲೆ ಹಿಡಿದು ದಂಡಯಾತ್ರೆ ಹೊರಟ.

ಮಾತೆಯದು ಬಣ್ಣ ಬಳಿದ ಗಾರೆಯ ಪ್ರತಿಮೆ, ಮೈಯೆಲ್ಲ ನುಣುಪು. ಮೊದಲ ದಿನ ಅವನು ಮೊಣಕಾಲೂರುವ ಮೊದಲೇ ಎರಡೂ ಹೂವು ಒಟ್ಟಿಗೆ ಜಾರಿದವು. ಮರುದಿನ ನೀರು ಹೆಚ್ಚು ಮಾಡಿದ. ಸಂಜೆಯವರೆಗೂ ಎರಡೂ ಅಲುಗಲಿಲ್ಲ.

"ಏನಾದ್ರೂ ಒಂದು ಹೇಳ್ಬುಡವ್ವಾ!" ಎಂದು ಗೋಗರೆದ.

ಮೂರನೆಯ ದಿನ ಅವ್ವ ಹೇಳಿದಳು. ಎಡಗಡೆಯದು ಬಿತ್ತು. ಚೌರಪ್ಪ ಎದ್ದು ಬಾಗಿಲು ನೋಡಿದ; ಗಾಳಿಯ ಕೆಲಸವೆಂದು ತೀರ್ಪು ಕೊಟ್ಟ. ನಾಲ್ಕನೆಯ ದಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿದ. ಮತ್ತೆ ಎಡಗಡೆಯದೇ. ಅಂದು ಅವನು ಊಟ ಮಾಡಲಿಲ್ಲ.

ಐದನೆಯ ದಿನ ಬಲಗಡೆಯ ಹೂವು ಬಿತ್ತು. ಚೌರಪ್ಪ ಮಗ್ಗದ ಮುಂದೆ ಕುಣಿದದ್ದನ್ನು ನಾಲ್ಕೂ ಮನೆಯವರು ನೋಡಿದರು.

ಭಾನುವಾರ ಪೂಜೆ ಮುಗಿದದ್ದೇ ತಡ, ಅವನು ಎದೆಯುಬ್ಬಿಸಿ ಸ್ವಾಮಿಗಳಿಗೆ ವಿಜಯವಾರ್ತೆ ಒಪ್ಪಿಸುತ್ತಿದ್ದ. ಅಷ್ಟರಲ್ಲಿ ಪ್ರತಿಮೆ ಒರೆಸುತ್ತಿದ್ದ ಜ್ಞಾನಮ್ಮ ಎಡಭುಜದ ಒಣಹೂವನ್ನು ಎಳೆದಳು. ಬರಲಿಲ್ಲ. ಉಗುರಿನಿಂದ ಕೆರೆದು ಮೂಸಿ ನೋಡಿದಳು.

"ಅಯ್ಯೋ ನಿನ್ ಮನೆ ಹಾಳಾಗ! ಇದು ಕಂಬಳಿಗೆ ಹಾಕೋ ಹುಣಿಸೆಬೀಜದ ಗಂಜಿ ಕಣ್ಲಾ!"

ಚೌರಪ್ಪನ ಮುಖ ಕೆಂಪೇರಿತು. ಆಮೇಲೆ ಎರಡು ವರ್ಷದ ಸಿಟ್ಟೆಲ್ಲ ಒಟ್ಟಿಗೆ ಹೊರಗೆ ಬಂತು.

"ಇನ್ನೇನ್ ಮಾಡ್ಲಿ ಸ್ವಾಮಿ? ಎರಡು ವರ್ಷ ಕೇಳ್ದೆ, ಪಿಟ್ ಅನ್ನಲಿಲ್ಲ. ಬಾಯಿ ಬಿಟ್ಟಾಗ ಬ್ಯಾಡ ಅಂದ್ಬುಟ್ಳು. ಎರಡು ದಿನವೂ ಬ್ಯಾಡ!"

"ಬೇಡ ಎಂದಾಗ ನಿನಗೆ ಹೇಗಾಯಿತು?"

"ಹೆಂಗಾಯ್ತದೆ? ಎದೆ ಒಡೆದೋಯ್ತು."

"ಸಿರಾದ ಹುಡುಗಿಯ ನೆನಪು ಬಂತೇ?"

"ಯಾವ ಹುಡುಗಿ?" ಎಂದ ಚೌರಪ್ಪ, ನಿಜವಾಗಿಯೂ ಮರೆತವನಂತೆ.

ಸ್ವಾಮಿಗಳು ಗಡ್ಡ ನೀವಿಕೊಂಡರು. "ನಾನು ಎರಡು ವರ್ಷದಿಂದ ಕೇಳುತ್ತಿದ್ದುದು ನಿನ್ನ ಎದೆಯ ಈ ಮಾತನ್ನೇ. ನೀನು ಹೂವಿನ ವಿಷಯ ಹೇಳುತ್ತೀಯೆ."

"ಅಂದ್ರೆ ಹೂಂ ಅಂತೀರಾ?"

"ಹೂಂ. ಮಠಕ್ಕೆ ಕಾಗದ ಬರೆಯುತ್ತೇನೆ. ಆದರೆ ಮಾತೆಗೇ ಗಂಜಿ ಬಳಿದವನು ಇನ್ನೂ ಮೂರು ತಿಂಗಳು ಕಾಯಬೇಕು."

ಇನ್ನೂ ಮೂರು ತಿಂಗಳು! ಚೌರಪ್ಪ ಗೋಡೆಗೆ ಹಣೆ ಚಚ್ಚಿಕೊಂಡ. ಜ್ಞಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಸಿರಾಕ್ಕೆ ನೀನೇ ಹೋಗಿ ಹೇಳ್ಕಳ್ಳಪ್ಪ. ನಂಗೆ ಮುಖ ಇಲ್ಲ," ಎಂದಳು.

ಸಿರಾಕ್ಕೆ ನಡೆದು ಹೋಗಿ, ಬೈಸಿಕೊಂಡು ಬಂದು, ಚೌರಪ್ಪ ಬಿಸಿನೀರಲ್ಲಿ ಆ ಹೂವನ್ನು ಬಿಡಿಸಲು ಕೂತ. ಬಂತು, ಮಾತೆಯ ನೀಲಿ ಬಣ್ಣವನ್ನೂ ಕಿತ್ತುಕೊಂಡು. ಮುಂದೆ ಮೂವತ್ತು ವರ್ಷ ಮಠದಲ್ಲಿ ಕಂಬಳಿ ನೇಯ್ದ ಸಹೋದರ ಚೌರಪ್ಪನವರು ಊರಿಗೆ ಬಂದಾಗಲೆಲ್ಲ ಮಾತೆಯ ಬಲಗಡೆ ನಿಂತೇ ಕೈಮುಗಿಯುತ್ತಿದ್ದರು.