ಬಸಣ್ಣನ ಕಿಡ್ನಿ ಹುಡುಕಲು ಹೋಗಿ

ಕಳೆದ ವರ್ಷ, ನಮ್ಮ ಮನೆಯ ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿಗೆ ಸುಲಿಸುತ್ತಿದ್ದ ವಾರ ನಡೆದದ್ದು ಇದು.

ಕಿಬ್ಬನಹಳ್ಳಿಯಿಂದ ಏಳೆಂಟು ಕಿಲೋಮೀಟರ್ ದೂರದ ನಮ್ಮೂರಿನಲ್ಲಿ ನನಗೆ ಎರಡು ಹೆಸರು. ಎಲ್ಲರ ದನಿಯನ್ನೂ ಅಣಕಿಸುವ ಮಲ್ಲೇಶ ಒಂದು, ಬಾಗಿಲು ಹಾಕಿಕೊಂಡು ಏನೋ ಮಾಡುವ ಮಲ್ಲೇಶ ಇನ್ನೊಂದು. ಮೊದಲನೆಯವನನ್ನು ಕಂಡರೆ ಜನ ನಗುತ್ತಾರೆ, ಎರಡನೆಯವನನ್ನು ಕಿಟಕಿಯಲ್ಲಿ ಇಣುಕಿ ನೋಡುತ್ತಾರೆ. ನಾನು ಮಾಡುವುದು ಇಷ್ಟೇ, ಸ್ಪ್ಯಾನಿಷ್ ಭಾಷೆಯ ಆಸ್ಪತ್ರೆ ಕಾಗದಗಳನ್ನು ಇಂಗ್ಲಿಷಿಗೆ ತರುವುದು. ಫಾರ್ಮಸಿ ಓದುವಾಗ ಸ್ಪ್ಯಾನಿಷ್ ಫುಟ್‌ಬಾಲ್ ಕಾಮೆಂಟರಿ ಅಣಕಿಸಿ ಹಾಸ್ಟೆಲಿನವರನ್ನು ನಗಿಸಲು ಹೋಗಿ ಆ ಭಾಷೆ ನಾಲಿಗೆಗೆ ಅಂಟಿಕೊಂಡಿತ್ತು. ಕೊನೆಗೆ ಅದೇ ಹೊಟ್ಟೆಪಾಡಾಯಿತು.

ಆ ಭಾಷೆಯ ಡಾಕ್ಟರುಗಳೂ ನಮ್ಮವರ ಹಾಗೆಯೇ. ಪೂರ್ತಿ ಪದ ಬರೆದರೆ ಶಾಯಿ ಮುಗಿದುಹೋಗುತ್ತದೆ ಎಂಬಂತೆ ಎರಡು ಮೂರು ಅಕ್ಷರ ಗೀಚಿ ಮುಂದೆ ಹೋಗುತ್ತಾರೆ. ಅದಕ್ಕೇ ಕೆಲಸ ಕಲಿಸಿದ ಮೇಡಂ ಒಂದು ಕಟ್ಟುನಿಟ್ಟು ಮಾಡಿದ್ದರು. ಹಾಳೆಯಲ್ಲಿ ಮೂರು ಸಾಲು ಮನೆ ಹಾಕಬೇಕು. ಮೊದಲ ಮನೆಯಲ್ಲಿ ಆ ಗೀಚಿದ ಅಕ್ಷರಗಳು, ಎರಡನೆಯದರಲ್ಲಿ ಅವುಗಳ ಪೂರ್ತಿ ಸ್ಪ್ಯಾನಿಷ್ ಪದ, ಮೂರನೆಯದರಲ್ಲಿ ಇಂಗ್ಲಿಷ್. ಒಂದನ್ನೂ ಹಾರಿಸುವಂತಿಲ್ಲ.

ಆ ವಾರ ಒಂದು ಬೆಳಿಗ್ಗೆ ಹಿಂದಿನ ಬೀದಿಯ ಗಿರಿಜಕ್ಕ ಗಂಡನನ್ನು ಕರೆದುಕೊಂಡು ಬಂದಳು. ಗಂಡ ಬಸವರಾಜು, ನಮಗೆಲ್ಲ ಬಸಣ್ಣ, ಸರಕು ಹಡಗಿನಲ್ಲಿ ಅಡುಗೆಯವನು. ಮೂರು ತಿಂಗಳ ಹಿಂದೆ ಸ್ಪೇನಿನ ಒಂದು ಬಂದರಿನಲ್ಲಿ ಹೊಟ್ಟೆನೋವು ಬಂದು, ಅಲ್ಲೇ ಆಪರೇಷನ್ ಆಗಿ ಊರಿಗೆ ಬಂದಿದ್ದ. ಬಂದಾಗಿನಿಂದ ಒಂದು ಬಿಂದಿಗೆ ನೀರನ್ನೂ ಎತ್ತಿರಲಿಲ್ಲ.

ಗಿರಿಜಕ್ಕ ಮೊದಲು ಬಾಗಿಲು ಹಾಕಿದಳು. ಆಮೇಲೆ ಕಿಟಕಿ. ಆಮೇಲೆ ಸೆರಗಿನೊಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು.

"ಇದ್ನ ಓದ್ಲಾ. ಯಾರ ಹತ್ರಾನೂ ಬಾಯ್ ಬುಡಬ್ಯಾಡ."

"ಏನಕ್ಕ ಇದು?"

"ನಿಮ್ಮಣ್ಣನ ಕಿಡ್ನಿ ಕದ್ದವ್ರೆ ಕಣ್ಲಾ."

ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ.

ಬಸಣ್ಣ ಪಕ್ಕೆ ಹಿಡಿದುಕೊಂಡೇ ಹೇಳಿದ, "ಆಪರೇಷನ್ ಆದ ಮಾರನೇ ದಿನ ಒಂದು ಸೂಜಿ ಚುಚ್ಚುದ್ರು. ಆಮೇಲೆ ಎಲ್ಡು ದಿನ ಗ್ಯಾನಾನೇ ಇಲ್ಲ. ಎದ್ದಾಗ ನೋಡ್ತೀನಿ, ಬೇರೆ ರೂಮು, ಮೈತುಂಬ ವೈರು. ಆ ಎಲ್ಡು ದಿನ ನನ್ನ ಏನ್ ಮಾಡುದ್ರು, ನೀನೇ ಹೇಳು."

"ಅವತ್ತಿಂದ ಒಂದು ತಲೆನೋವಿನ ಮಾತ್ರೆ ಮುಟ್ಟಿಲ್ಲ ಕಣಪ್ಪ," ಎಂದಳು ಗಿರಿಜಕ್ಕ. "ಪಕ್ಕೆ ನೋವು ಅಂತ ರಾತ್ರಿಯೆಲ್ಲ ನರಳ್ತರೆ. ಸೂಜಿ ಹಾಕ್ಸಿ ಅಂದ್ರೆ ಎದ್ದೋಯ್ತರೆ. ಫೋನೂ ಆಫ್ ಮಾಡಿ ಮಡಗವ್ರೆ, ಹಡಗಿನೋರು ಹುಡುಕ್ತರೆ ಅಂತ." ಆಮೇಲೆ ನನ್ನನ್ನೇ ಒಂದು ಗಳಿಗೆ ದಿಟ್ಟಿಸಿದಳು. "ನೀನೂ ಅವ್ರ ಭಾಷೆಯೋನೆ. ಅವ್ರ ಕಡೆ ಸೇರ್ಕಂಡು ಸುಳ್ಳು ಹೇಳಬ್ಯಾಡ. ಮನೆದೇವ್ರ ಮ್ಯಾಲೆ ಆಣೆ ಇಡು."

ಇಟ್ಟೆ. ಕವರಿನಲ್ಲಿದ್ದದ್ದು ಎರಡು ಹಾಳೆ. ಒಂದು ಟೈಪ್ ಮಾಡಿದ್ದು, ಇನ್ನೊಂದು ಕೈಬರಹ. ಕೇಳಿದ್ದು ಕಿಡ್ನಿಯಾದ್ದರಿಂದ ನಾನೂ ಬೆರಳಿಟ್ಟು ಕಿಡ್ನಿಯನ್ನೇ ಹುಡುಕಿದೆ. ಸ್ಕ್ಯಾನಿಂಗಿನ ಸಾಲಿನಲ್ಲಿ ಸಿಕ್ಕಿತು.

"ನೋಡಕ್ಕ, ಆರ್ ಡಿ ಅಂದ್ರೆ ಬಲಗಡೆ ಕಿಡ್ನಿ. ಆರ್ ಐ, ಎಡಗಡೇದು. ಮುಂದೆ ಎಸ್ ಎ ಅಂತ ಬರ್ದವ್ರೆ, ಅಂದ್ರೆ ಏನೂ ತೊಂದರೆ ಇಲ್ಲ ಅಂತ. ತೆಗೆದಿರೋದು ಅಪೆಂಡಿಕ್ಸ್ ಒಂದೇ."

"ಈ ಸ್ಕ್ಯಾನಿಂಗು ಕದಿಯಕ್ಕೆ ಮುಂಚಿಂದಾ, ಆಮೇಲಿಂದಾ?"

ಪೊಲೀಸ್ ಇಲಾಖೆ ಗಿರಿಜಕ್ಕನನ್ನು ಕಳೆದುಕೊಂಡಿದೆ ಎಂದು ನನಗೆ ಆವತ್ತು ಖಾತ್ರಿಯಾಯಿತು. ತಾರೀಕು ನೋಡಿದೆ. ಬಸಣ್ಣನನ್ನು ಆಸ್ಪತ್ರೆಯಿಂದ ಕಳಿಸಿದ ದಿನದ್ದು.

ಅಲ್ಲಿಗೆ ನನಗೆ ಹುರುಪು ಬಂತು. ಕಿಬ್ಬನಹಳ್ಳಿ ಕ್ರಾಸಿನ ಕ್ಲಿನಿಕ್ ಡಾಕ್ಟರ ದನಿಯನ್ನು ಮೂಗಿನಿಂದ ತೆಗೆದು, "ಏನಪ್ಪಾ ಬಸವರಾಜೂ, ಒಳಗಿರೋ ಕಿಡ್ನೀನ ಹೊರಗೆ ಹುಡುಕ್ತಾ ಇದೀಯಲ್ಲಪ್ಪಾ," ಎಂದೆ. ಬಸಣ್ಣ ಮೂರು ತಿಂಗಳಲ್ಲಿ ಮೊದಲ ಸಲ ನಕ್ಕನಂತೆ.

"ಪಕ್ಕೆ ನೋವಿಗೇನ್ಲಾ ಮಾಡ್ಲಿ?"

"ಮೂರು ತಿಂಗ್ಳು ಕೂತಲ್ಲೇ ಕೂತ್ರೆ ನೋಯದೆ ಇನ್ನೇನಣ್ಣ. ಕ್ರಾಸಿಗೆ ಹೋಗಿ ಒಂದು ನೋವಿನ ಇಂಜೆಕ್ಷನ್ ಹಾಕ್ಸ್ಕೊಂಡು ಬಾ. ಸಂಜೆಗೆ ನಮ್ಮನೇಲಿ ಕಾಯಿ ಸುಲೀತೀಯ."

ಬಸಣ್ಣ ಎದ್ದು ಹೊರಟ. ಗಿರಿಜಕ್ಕ ಮಾತ್ರ ಹೊಸಿಲ ಬಳಿ ನಿಂತಳು. "ಎಲ್ಲಾನೂ ಇಂಗ್ಲಿಷಲ್ಲಿ ಬರ್ಕೊಡು. ನೀನು ಬಾಯಲ್ಲಿ ಹೇಳಿದ್ದ ನಂಬಕಾಗಲ್ಲ. ಇನ್ನೊಬ್ರಿಗೆ ತೋರುಸ್ತೀನಿ."

ಕಾಫಿ ಕುಡಿದು, ಮುಖ ಊದಿಸಿಕೊಂಡೇ ಹಾಳೆಯಲ್ಲಿ ಆ ಮೂರು ಸಾಲು ಮನೆ ಹಾಕಿ ಕೂತೆ. ಮೊದಲ ಹಾಳೆ ಮುಗಿಯಿತು. ಎರಡನೆಯ ಹಾಳೆಯ ಕೊನೆಯಲ್ಲಿ, ಸಹಿಯ ಮೇಲೆ, ಒಂದು ಓರೆ ಸಾಲು. ಎ ಐ ಎನ್ ಇ. ಎರಡನೆಯ ಮನೆಯಲ್ಲಿ ಅದರ ಪೂರ್ತಿ ಪದ ಬರೆದೆ, ಆಂಟಿಇನ್‌ಫ್ಲಮಟೋರಿಯೊ ನೋ ಎಸ್ಟೆರೊಯ್ಡೆಯೊ. ಮೂರನೆಯ ಮನೆಯಲ್ಲಿ ಇಂಗ್ಲಿಷ್ ಬರೆಯುತ್ತಾ ಕೈ ನಿಧಾನವಾಯಿತು. ನೋವು, ಊತ ಇಳಿಸುವ ಔಷಧಿಗಳ ಗುಂಪು ಅದು. ಅದರ ಹಿಂದಿದ್ದ ಪದ, ತೀವ್ರ ಅಲರ್ಜಿ. ಮುಂದಿದ್ದದ್ದು ಯು ಸಿ ಐ, ನಲವತ್ತೆಂಟು ಗಂಟೆ. ನಾವು ಐಸಿಯು ಅನ್ನುವುದನ್ನು ಅವರು ಹಾಗೆ ಬರೆಯುತ್ತಾರೆ.

ಗ್ಯಾನವಿಲ್ಲದ ಎರಡು ದಿನ. ನಮ್ಮ ಕಡೆ ನೋವಿಗೆ ಹಾಕುವ ಇಂಜೆಕ್ಷನ್ ಬಹುಪಾಲು ಈ ಗುಂಪಿನದೇ.

ಬಸಣ್ಣನ ಫೋನ್ ಆಫ್ ಆಗಿತ್ತು. ಅಸಲು ಕಾಗದ, ನನ್ನ ಹಾಳೆ ಎರಡನ್ನೂ ಎತ್ತಿಕೊಂಡು ಅವನ ಮನೆಗೆ ಓಡಿದೆ. ಗಿರಿಜಕ್ಕ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಅಣ್ಣ ಎಲ್ಲಕ್ಕ?"

"ಒಂಬತ್ತೂವರೆ ಬಸ್ಸಿಗೆ ಕ್ರಾಸಿಗೆ ಹೋದ್ರಲ್ಲ. ನೀನೇ ಹೇಳ್ದೆ."

ಸ್ಕೂಟರ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಕ್ಲಿನಿಕ್ಕಿನಲ್ಲಿ ಪುಣ್ಯಕ್ಕೆ ಜನ ಇದ್ದರು. ಪರದೆ ಸರಿಸಿದರೆ ಬಸಣ್ಣ ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿದ್ದಾನೆ, ಸಿಸ್ಟರ್ ಹತ್ತಿಯಿಂದ ಒರೆಸುತ್ತಿದ್ದಾರೆ, ತುಂಬಿದ ಸಿರಿಂಜು ತಟ್ಟೆಯಲ್ಲಿದೆ.

"ಸಿಸ್ಟರ್, ತಡೀರಿ. ಅದು ಹಾಕಬೇಡಿ."

ಡಾಕ್ಟರು ಎದ್ದು ಬಂದರು. ಗಣೇಶನ ಕಾರ್ಯಕ್ರಮದಲ್ಲಿ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಅವರದೇ ದನಿ ತೆಗೆದಿದ್ದವನು ನಾನು. "ಏನಪ್ಪಾ, ಇವತ್ತು ಯಾರ ಪಾತ್ರ?" ಎಂದರು.

"ಪಾತ್ರ ಅಲ್ಲ ಸಾರ್. ಅವರಿಗೆ ಅಲರ್ಜಿ ಇದೆ."

"ಕೇಳಿದೀನಿ. ಏನೂ ಇಲ್ಲ ಅಂದಿದ್ದಾರೆ. ಹೊರಗೆ ನಿಂತ್ಕೊಳಪ್ಪ, ಪೇಶೆಂಟ್ಸ್ ಇದಾರೆ."

ಬಸಣ್ಣ ಮಲಗಿದಲ್ಲಿಂದಲೇ ಕತ್ತು ಹೊರಳಿಸಿದ. "ಬೆಳಿಗ್ಗೆ ಹಾಕ್ಸ್ಕೊ ಅಂದೆ, ಈಗ ಬ್ಯಾಡ ಅಂತೀಯ. ಮಧ್ಯದಲ್ಲಿ ಯಾರ್ ಬಂದಿದ್ರು ನಿನ್ನ ಹತ್ರ?"

ಯಾರ ದನಿಯಲ್ಲಿ ಬೇಕಾದರೂ ಮಾತಾಡಬಲ್ಲ ನನ್ನನ್ನು ನನ್ನ ದನಿಯಲ್ಲಿ ನಂಬುವವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಮಾತು ನಿಲ್ಲಿಸಿ ಹಾಳೆ ಕೊಟ್ಟೆ. ಡಾಕ್ಟರು ಅಸಲು ಕಾಗದದ ಓರೆ ಸಾಲನ್ನು ನೋಡಿದರು, ನನ್ನ ಎರಡನೆಯ ಮನೆಗೆ ಬೆರಳಿಟ್ಟು ಆ ಉದ್ದದ ಪದವನ್ನು ಮೆಲ್ಲಗೆ ಕೂಡಿಸಿ ಓದಿದರು. ಇಂಗ್ಲಿಷ್ ಪದಕ್ಕೂ ಅದಕ್ಕೂ ಇರುವ ಹೋಲಿಕೆ ಅವರಿಗೇ ಕಂಡಿತು. ಬೆರಳು ಮೂರನೆಯ ಮನೆಗೆ ಹೋಗಲಿಲ್ಲ.

"ಸಿಸ್ಟರ್, ಅದನ್ನ ತೆಗೆದುಬಿಡಿ." ಆಮೇಲೆ ಬಸಣ್ಣನ ಪಕ್ಕ ಕೂತು ಕೇಳಿದರು, "ಅಲ್ಲಿ ಸೂಜಿ ಹಾಕಿದ ಮೇಲೆ ಏನೇನಾಯ್ತು, ನೆನಪು ಮಾಡ್ಕೊಂಡು ಹೇಳಿ."

"ಗಂಟ್ಲು ಬಿಗಿದಂಗಾಯ್ತು ಸಾರ್. ಮೈಯೆಲ್ಲ ದದ್ದು, ಉರಿ. ಮತ್ತು ಬರಂಗೆ ಏನೋ ಕೊಟ್ಟವ್ರೆ ಅನ್ಕಂಡೆ."

ಡಾಕ್ಟರು ಆ ಅಲರ್ಜಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟರು. "ಈ ಸೂಜಿ ಒಳಗೆ ಹೋಗಿದ್ದಿದ್ರೆ ನಿಮ್ಮನ್ನ ತಿಪಟೂರು ಆಸ್ಪತ್ರೆ ಮುಟ್ಟಿಸೋಕೆ ನನಗೆ ಟೈಮ್ ಸಿಗ್ತಿತ್ತೋ ಇಲ್ವೋ," ಎಂದರು.

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತಿದ್ದ ಬಸಣ್ಣ ಅರ್ಧ ದಾರಿಯಲ್ಲಿ ಕೇಳಿದ, "ಹಂಗಾರೆ ಆ ಎಲ್ಡು ದಿನ ಅವ್ರು ನನ್ನ ಉಳ್ಸಕ್ಕೆ ಒದ್ದಾಡವ್ರೆ ಅನ್ನು."

"ಹೂಂ ಕಣಣ್ಣ."

"ಕಣ್ ಬುಟ್ಟಾಗ ಒಬ್ಳು ನರ್ಸಮ್ಮ ಕೈ ಹಿಡ್ಕಂಡು ಕೂತಿದ್ಲು. ಕಾವಲು ಕೂತವ್ಳೆ ಅಂತ ಕೈ ಕಿತ್ಕಂಡೆ ಕಣ್ಲಾ."

ಈಗ ಬಸಣ್ಣ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾನೆ. ನನ್ನ ಪ್ರಾಣ ಉಳಿಸಿದವನು ಮಲ್ಲೇಶ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಹೇಳುತ್ತಾನೆ. ನಾನು ಹಲ್ಲು ಕಿರಿದು ನಿಲ್ಲುತ್ತೇನೆ. ಮೂರು ತಿಂಗಳು ಅವನನ್ನು ಕಾಪಾಡಿದ್ದು ಅವನ ಅನುಮಾನ. ಅದನ್ನು ನಗೆಯಾಡಿ ಬಿಡಿಸಿ, ಸೂಜಿಯ ಕೆಳಗೆ ಮಲಗಿಸಿದವನು ನಾನು. ಗಿರಿಜಕ್ಕ ನನ್ನ ಬಾಯಿಮಾತನ್ನು ನಂಬಿ ಕಾಗದ ವಾಪಸು ಒಯ್ದಿದ್ದರೆ ನಾನು ಆ ಮೂರು ಮನೆ ಹಾಕುತ್ತಲೇ ಇರಲಿಲ್ಲ. ಇದನ್ನು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಹೋಗಿ, ಯಾರದೋ ದನಿ ಅಣಕಿಸಿ, ನಗಿಸಿ, ಕಾಫಿ ಕುಡಿದು ಬಂದಿದ್ದೇನೆ.

ಗಿರಿಜಕ್ಕ ಈ ಪತ್ರಿಕೆ ಓದುತ್ತಾಳೆ, ಗಂಡನಿಗೂ ಓದಿ ಹೇಳುತ್ತಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬಸಣ್ಣ, ಆ ಸಾಲು ಬೆಳಿಗ್ಗೆಯೇ ನನ್ನ ಕೈಯಲ್ಲಿತ್ತು. ನಾನು ಓದಲಿಲ್ಲ.